ಬೋರ್ ನೀರು ಬೆಚ್ಚಗಿದ್ದರೆ ಅಡಿಕೆ ಒಣಗುತ್ತಾ? ಸಾಗರ ಸೀಮೆಯ ಒಂದು ಪ್ರಕರಣ

2023ರ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಸಾಗರ ತಾಲೂಕಿನಲ್ಲಿ ಶರಾವತಿ ಹಿನ್ನೀರಿನ ಕಡೆಯ ಒಂದು ಸಣ್ಣ ಹಳ್ಳಿ. ಗೋಪೂಜೆಯ ದಿನ ಬೆಳಿಗ್ಗೆ ಭಾವ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಬೋರ್‌ವೆಲ್ ಮೋಟಾರ್ ಹಾಕಿದರು. ಚಳಿ ಇತ್ತು. ಪೈಪಿನ ಬಾಯಿಂದ ನೀರು ಬೀಳುವ ಕಡೆ ಸಣ್ಣಗೆ ಹಬೆ ಏಳುತ್ತಿತ್ತು.

"ಕೈ ಇಟ್ಟು ನೋಡು ಮಾರಾಯ. ಬಿಸಿ ಇದೆ ಅಲ್ವಾ?"

ಇತ್ತು. ಕೈಗೆ ಹಿತವಾಗುವಷ್ಟು ಬೆಚ್ಚಗಿತ್ತು.

ಹಿಂದಿನ ವಾರ ಒಬ್ಬ ಏಜೆಂಟ್ ಬಂದು ಇದನ್ನೇ ತೋರಿಸಿ ಹೋಗಿದ್ದ. ಭೂಮಿಯ ಒಳಗೆ ಬೆಂಕಿ ಇದೆ, ನಿಮ್ಮ ಬೋರ್ ನೀರೇ ಅದಕ್ಕೆ ಸಾಕ್ಷಿ, 600 ಅಡಿಯ ಎರಡು ಬಾವಿ ಕೊರೆದರೆ 60 ಡಿಗ್ರಿ ಬಿಸಿ ನೀರು ಬರುತ್ತದೆ, ಅದರಲ್ಲಿ ಅಡಿಕೆ ಒಣಗಿಸಬಹುದು, ಕಟ್ಟಿಗೆಯೂ ಬೇಡ ಬಿಸಿಲೂ ಬೇಡ ಅಂತ. ಅಕ್ಕಪಕ್ಕದ ಐದು ಮನೆ ಸೇರಿದರೆ 14 ಲಕ್ಷ ರೂಪಾಯಿ, 2 ಲಕ್ಷ ಮುಂಗಡ. ಭಾವನಿಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ಶಾಖ, ಯಂತ್ರ ಅಂತ ಪಾಠ ಮಾಡುವವನು. "ನೀನು ಹೂಂ ಅಂದರೆ ಕೊಡ್ತೀವಿ" ಅಂದರು. ಐದು ಮನೆಯ ದುಡ್ಡು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಹಾಗಾಗಿ ಈ ವಿಷಯವನ್ನು ಬುಡದಿಂದ ನೋಡಬೇಕಾಯಿತು. ಆಗ ಏನು ನೋಡಿದೆವು, ಏನು ತೀರ್ಮಾನ ಮಾಡಿದೆವು, ಆಮೇಲೆ ಏನಾಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ಒಂದು ಅಡುಗೆಮನೆಗೆ ಬಂದು ಸೇರಿದ ದಾರಿಗಳು

ಐದೂ ಮನೆಯವರು ಅಷ್ಟು ಸುಲಭವಾಗಿ ಆಸೆಪಟ್ಟಿದ್ದು ಯಾಕೆ ಅಂತ ಮೊದಲು ಹೇಳಬೇಕು. ಅವರು ದುರಾಸೆಯವರಲ್ಲ. ಎರಡು ವರ್ಷದಿಂದ ಎಲ್ಲ ಕಡೆಯಿಂದಲೂ ಪೆಟ್ಟು ತಿಂದಿದ್ದರು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಶುರು ಮಾಡಿತು. ಸಾಗರಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಬಹುದು. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ಬರಬೇಕು. ಅದನ್ನು ಮಾರುವ ದೊಡ್ಡ ದೇಶಗಳಲ್ಲಿ ರಷ್ಯಾ, ಬೆಲಾರುಸ್ ಎರಡೂ ಇವೆ. ಆ ವರ್ಷ 50 ಕೆಜಿ ಪೊಟ್ಯಾಷ್ ಚೀಲದ ಬೆಲೆ 1,700 ರೂಪಾಯಿ ಆಯಿತು. ಅಡುಗೆ ಗ್ಯಾಸ್‌ನಲ್ಲೂ ಅರ್ಧಕ್ಕಿಂತ ಜಾಸ್ತಿ ಆಮದಿನದ್ದೇ. 2023ರ ಮಾರ್ಚ್ ಹೊತ್ತಿಗೆ ಸಿಲಿಂಡರ್ 1,100 ರೂಪಾಯಿ ದಾಟಿತು. ಅಕ್ಕ ಸ್ನಾನದ ನೀರಿಗೆ, ದನದ ಅಕ್ಕಚ್ಚಿಗೆ ಮತ್ತೆ ಕಟ್ಟಿಗೆ ಒಲೆ ಹಚ್ಚಿದಳು.

ಅದೇ ವರ್ಷ ಮಳೆ ಕೈಕೊಟ್ಟಿತು. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮಳೆ ಕುಗ್ಗಿಸುವ ಎಲ್ ನಿನೊ ಇತ್ತು. ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಮಲೆನಾಡೂ ಬಿಡಲಿಲ್ಲ. ಲಿಂಗನಮಕ್ಕಿ ತುಂಬಲಿಲ್ಲ. ಲಿಂಗನಮಕ್ಕಿ ತುಂಬದಿದ್ದರೆ ಶರಾವತಿಯ 1,035 ಮೆಗಾವಾಟ್ ವಿದ್ಯುದಾಗಾರ ಕೈ ಬಿಗಿ ಮಾಡಬೇಕಾಗುತ್ತದೆ. ಅಕ್ಟೋಬರ್‌ನಲ್ಲಿ ರೈತರ ಪಂಪ್‌ಸೆಟ್‌ಗೆ ಏಳು ಗಂಟೆ ಬದಲು ಐದು ಗಂಟೆ ತ್ರೀ ಫೇಸ್ ಅಂದರು. ಭಾವನ ಅಜ್ಜನ ಮನೆ ಇದೇ ಹಿನ್ನೀರಿನ ಕೆಳಗಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಡೆಯಾಗಿ ಎದ್ದು ಬಂದ ಕುಟುಂಬ ಅವರದ್ದು. ನಾಡಿಗೆಲ್ಲ ಬೆಳಕು ಕೊಡಲು ಮನೆ ಬಿಟ್ಟವರ ಮೊಮ್ಮಗ ಕರೆಂಟಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕಾಯುವುದನ್ನು ನೋಡಿ ನನಗೆ ತುಂಬಾ ಸಂಕಟವಾಗಿದೆ.

ಬೇಕಾದಾಗ ಬಾರದ ಮಳೆ ಕೊಯ್ಲಿನ ಹೊತ್ತಿಗೆ ಬಂತು. ಅಡಿಕೆ ಬೆಳೆಯದವರಿಗಾಗಿ ಎರಡು ಮಾತು ಹೇಳುತ್ತೇನೆ. ನಮ್ಮಲ್ಲಿ ಎಳೆ ಅಡಿಕೆ ಕೊಯ್ದು, ಸುಲಿದು, ತಾಮ್ರದ ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸಿ, ಅಟ್ಟದ ಮೇಲೆ ಬಿಸಿಲಿಗೆ ಹರವುತ್ತೇವೆ. ಐದಾರು ದಿನ ಚೆನ್ನಾಗಿ ಬಿಸಿಲು ಬಿದ್ದರೆ ಒಳ್ಳೆ ಬಣ್ಣದ ರಾಶಿ ಅಡಿಕೆ ಸಿಗುತ್ತದೆ. ಬೇಯಿಸಿದ ಮೇಲೆ ಎರಡು ದಿನ ಮೋಡ ಕವಿದರೂ ಸಾಕು, ಬೂಸ್ಟು ಹಿಡಿಯುತ್ತದೆ. ಆಗ ಅಟ್ಟದ ಕೆಳಗೆ ಬೆಂಕಿ ಹಾಕಬೇಕು. ಹೊಗೆ ವಾಸನೆ ಹತ್ತಿದರೆ ಮಂಡಿಯಲ್ಲಿ ರೇಟು ಇಳಿಯುತ್ತದೆ. ಬೆಂಕಿ ಹಾಕದಿದ್ದರೆ ಮಾಲೇ ಹೋಗುತ್ತದೆ.

ಬೆಂಕಿಗೆ ಕಟ್ಟಿಗೆ ಬೇಕು. ಕಟ್ಟಿಗೆಗೆ ಸೊಪ್ಪಿನಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಹೋಗಬೇಕು. ಬೆಟ್ಟದಲ್ಲಿ ಉಣುಗು ಇದೆ, ಅದು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ತಕ್ಷಣ ಬಿಸಿ ನೀರಲ್ಲಿ ಸ್ನಾನ ಮಾಡಿ ಅಂತ ಆರೋಗ್ಯ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೇಳುತ್ತಾರೆ. ಸ್ನಾನದ ಬಿಸಿ ನೀರಿಗೂ ಕಟ್ಟಿಗೆಯೇ ಬೇಕು. ಕಟ್ಟಿಗೆ ಮುಗಿದರೆ ಮತ್ತೆ ಕಾಡಿಗೇ ಹೋಗಬೇಕು.

ಲೋಕದ ಒಂದು ತೊಂದರೆ ಇನ್ನೊಂದನ್ನು ಎಳೆದುಕೊಂಡು ಬರುವುದಕ್ಕೆ ಪಾಲಿಕ್ರೈಸಿಸ್ ಅಂತ ಹೆಸರು ಕೊಟ್ಟಿದ್ದಾರೆ. ಯುದ್ಧ, ಹವಾಮಾನ, ಬೆಲೆ, ರೋಗ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಸ್ಥಿತಿ. ಅಕ್ಕನಿಗೆ ಆ ಹೆಸರು ಗೊತ್ತಿಲ್ಲ. ಆದರೆ ಅವಳ ಒಲೆಯ ಮುಂದೆ ಕೂತರೆ ಅದರ ಒಂದೊಂದು ಎಳೆಯೂ ಕಾಣುತ್ತದೆ. ನಾನು ಅಲ್ಲಿ ಕೂತೇ ಒಂದು ಹಾಳೆಯ ಮೇಲೆ ಬಾಣದ ಗುರುತು ಹಾಕುತ್ತಾ ಹೋದೆ. ಎಲ್ಲ ಬಾಣಗಳೂ ಬಂದು ನಿಂತಿದ್ದು ಒಂದೇ ಜಾಗದಲ್ಲಿ. ಈ ಮನೆಗೆ ಶಾಖ ಬೇಕು. ಬೇಯಿಸಲು 100 ಡಿಗ್ರಿ, ಒಣಗಿಸಲು 50ರಿಂದ 60 ಡಿಗ್ರಿ, ಸ್ನಾನಕ್ಕೆ 40. ಆ ಶಾಖವೆಲ್ಲ ಬೆಟ್ಟದಿಂದ ಬರುತ್ತಿತ್ತು. ಅದರ ಒಂದು ಪಾಲಾದರೂ ಬೇರೆ ಕಡೆಯಿಂದ ಬಂದರೆ ಸರಪಳಿಯ ಒಂದು ಕೊಂಡಿ ಬಿಚ್ಚುತ್ತದೆ.

ಹಾಗಾಗಿ ಏಜೆಂಟ್ ಮುಟ್ಟಿದ ಜಾಗ ಸರಿಯಾಗಿಯೇ ಇತ್ತು. ಕೊಟ್ಟ ಲೆಕ್ಕ ಸರಿ ಇತ್ತಾ ಅನ್ನುವುದು ಬೇರೆ ಪ್ರಶ್ನೆ.

ಥರ್ಮಾಮೀಟರ್ ಹೇಳಿದ್ದು

ಕಾಲೇಜಿನಿಂದ ಒಂದು ಥರ್ಮಾಮೀಟರ್ ತಂದು ನೀರಿಗೆ ಇಟ್ಟೆ. ಬೋರ್ ನೀರು 25.5 ಡಿಗ್ರಿ. ಹೊರಗಿನ ಗಾಳಿ ಆ ಬೆಳಿಗ್ಗೆ 16 ಡಿಗ್ರಿ. ನೀರು ಬೆಚ್ಚಗೆ ಅನ್ನಿಸಿದ್ದು ಗಾಳಿ ತಣ್ಣಗಿತ್ತು ಅಂತ, ಅಷ್ಟೇ. ಮುಂದಿನ ಯುಗಾದಿಗೆ ಹೋದಾಗ ಮಧ್ಯಾಹ್ನ ಮತ್ತೆ ಅಳೆದೆ. ಗಾಳಿ 35 ಡಿಗ್ರಿ, ಬೋರ್ ನೀರು 26. ಆವತ್ತು ಅದೇ ನೀರು ಕೈಗೆ ತಣ್ಣಗಿತ್ತು. ಭಾವ ತಾವೇ ಕೈ ಇಟ್ಟು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ನೆಲದ ಕೆಳಗೆ ಮೂವತ್ತು ನಲವತ್ತು ಅಡಿ ಹೋದರೆ ಚಳಿಗಾಲ, ಬೇಸಿಗೆ ಎರಡೂ ಹೆಚ್ಚುಕಡಿಮೆ ಮುಟ್ಟುವುದಿಲ್ಲ. ಆ ಊರಿನ ವರ್ಷದ ಸರಾಸರಿ ಉಷ್ಣತೆ ಎಷ್ಟೋ ನೆಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರ ಕೆಳಗೆ ಆಳಕ್ಕೆ ಹೋದಂತೆ ಬಿಸಿ ಏರುವುದು ನಿಜ. ಎಷ್ಟು ಬೇಗ ಏರುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಲೋಕದ ಸಾಮಾನ್ಯ ಲೆಕ್ಕ ಕಿಲೋಮೀಟರ್‌ಗೆ 25ರಿಂದ 30 ಡಿಗ್ರಿ. ಐಸ್‌ಲ್ಯಾಂಡ್‌ನ ಕೆಲವು ಕಡೆ 100 ಡಿಗ್ರಿಯನ್ನೂ ಮೀರುತ್ತದೆ.

ನಮ್ಮಲ್ಲಿ ಎಷ್ಟು? ಇದಕ್ಕೆ ಉತ್ತರ ಹುಡುಕಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿ ಇದೆ. 2001ರಲ್ಲಿ ಮುಚ್ಚುವ ಹೊತ್ತಿಗೆ ಅದು 3 ಕಿಲೋಮೀಟರ್‌ಗಿಂತ ಜಾಸ್ತಿ ಆಳ ಇತ್ತು, ಲೋಕದ ಅತಿ ಆಳದ ಗಣಿಗಳಲ್ಲಿ ಒಂದು. ಅಷ್ಟು ಕೆಳಗೆ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ಕೆಲಸಗಾರರು ಉಸಿರಾಡಲು ಮೇಲಿನಿಂದ ತಂಪು ಗಾಳಿ ಕಳಿಸಬೇಕಿತ್ತು. ಕೇಳಿದರೆ ಬಹಳ ಬಿಸಿ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ. ಮೇಲೆ 25, ಮೂರು ಕಿಲೋಮೀಟರ್ ಕೆಳಗೆ 65. ಕಿಲೋಮೀಟರ್‌ಗೆ ಸುಮಾರು 13 ಡಿಗ್ರಿ ಮಾತ್ರ. ಲೋಕದ ಸರಾಸರಿಯ ಅರ್ಧ.

ಕೋಲಾರವೂ ಮಲೆನಾಡೂ ಒಂದೇ ಹಳೆಯ ಗಟ್ಟಿ ನೆಲದ ಮೇಲೆ ಕೂತಿವೆ. ಧಾರವಾಡ ಶಿಲೆಗಳು ಅಂತ ಭೂವಿಜ್ಞಾನದವರು ಕರೆಯುವ ಈ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಭೂಮಿಯ ಶಾಖದಲ್ಲಿ ಒಂದು ಪಾಲು ಅದು ಹುಟ್ಟಿದಾಗಿನಿಂದ ಉಳಿದದ್ದು. ಇನ್ನೊಂದು ಪಾಲು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಒಡೆಯುತ್ತಾ ಕೊಡುವ ಶಾಖ. ನಮ್ಮ ನೆಲದ ತಳದಲ್ಲಿ ಇವುಗಳ ಪಾಲು ಕಡಿಮೆ, ಮೇಲಿನ ಚಿಪ್ಪು ಬಹಳ ದಪ್ಪ. ಜ್ವಾಲಾಮುಖಿಯೂ ಇಲ್ಲ, ಭೂಮಿಯ ಫಲಕಗಳು ಸೇರುವ ಅಂಚೂ ಅಲ್ಲ. ಇಷ್ಟು ಗಟ್ಟಿ ನೆಲ ಇರುವುದು ನಮ್ಮ ಪುಣ್ಯ. ಶಾಖದ ಮಟ್ಟಿಗೆ ಮಾತ್ರ ಅದು ಜಿಪುಣ.

ಈಗ ಏಜೆಂಟ್ ಹೇಳಿದ 600 ಅಡಿಗೆ ಬನ್ನಿ. ಅದು ಸುಮಾರು 183 ಮೀಟರ್. ಕಿಲೋಮೀಟರ್‌ಗೆ 13 ಡಿಗ್ರಿಯಂತೆ ಅಲ್ಲಿ ಜಾಸ್ತಿಯಾಗುವುದು ಎರಡೂಕಾಲು, ಎರಡೂವರೆ ಡಿಗ್ರಿ. ನೀರು 28 ಡಿಗ್ರಿ ಬರಬಹುದು. 60 ಡಿಗ್ರಿ ಬೇಕಾದರೆ 9 ಸಾವಿರ ಅಡಿ ಕೊರೆಯಬೇಕು. ಅಂದರೆ ಅಡಿಕೆ ಒಣಗಿಸಲು ಕೋಲಾರದ ಗಣಿಯಷ್ಟು ಆಳ! ಅಷ್ಟು ಆಳದ ಗಟ್ಟಿ ಬಂಡೆಯಲ್ಲಿ ನೀರು ಸಿಗುತ್ತದೆ ಅಂತಲೂ ಇಲ್ಲ.

"ಹಾಗಾದ್ರೆ ಬೆಂದ್ರು ತೀರ್ಥ?" ಅಂತ ಪಕ್ಕದ ಮನೆಯ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ಪುತ್ತೂರು ಬಳಿಯ ಇರ್ದೆಯಲ್ಲಿ ನೆಲದಿಂದಲೇ ಬೆಚ್ಚಗಿನ ನೀರು ಬರುತ್ತದೆ. ಗಂಧಕದ ವಾಸನೆಯೂ ಇದೆ. ಆದರೆ ಆ ನೀರು ಸ್ನಾನಕ್ಕೆ ಹದವಾದಷ್ಟು ಬಿಸಿ. ಮಳೆ ನೀರು ಬಿರುಕಿನಲ್ಲಿ ಆಳಕ್ಕೆ ಇಳಿದು, ಕಾದು, ಬೇಗ ಮೇಲೆ ಬರುವ ದಾರಿ ಅಲ್ಲಿ ಸಿಕ್ಕಿದೆ. ಅಂಥ ಬಿರುಕು ಇರುವ ಕಡೆ ಮಾತ್ರ ಹೀಗಾಗುತ್ತದೆ. ಅದೇ ಘಟ್ಟದ ಸಾಲಿನಲ್ಲಿ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ಕೊಂಕಣದಲ್ಲಿ ಬಿಸಿ ನೀರಿನ ಬುಗ್ಗೆಗಳು ಸಾಲಾಗಿ ಇವೆ. ರಾಜಾಪುರ, ತುರಳ್, ಉನ್ಹವರೆ, ವಜ್ರೇಶ್ವರಿ. ಉನ್ಹವರೆಯ ನೀರು 70 ಡಿಗ್ರಿ ಹತ್ತಿರ ಇದೆ. ಅಲ್ಲಿ ಅಡಿಕೆ ತೋಟ ಇದ್ದವರು ಏಜೆಂಟ್ ಮಾತು ಕೇಳಬಹುದಿತ್ತು. ಸಾಗರದಲ್ಲಿ ಇದ್ದವರು ಕೇಳುವ ಹಾಗಿರಲಿಲ್ಲ.

ನಾನು ಬೇಡ ಅಂದೆ. ಐದು ಮನೆಯವರೂ ಬೇಡ ಅಂದರು. ಹೇಳಿ ಮುಗಿಸಿದಾಗ ಜಗುಲಿಯಲ್ಲಿ ಯಾರಿಗೂ ಖುಷಿ ಇರಲಿಲ್ಲ. ಆಸೆಯನ್ನು ಕಿತ್ತುಕೊಂಡೆ ಅನ್ನುವ ಭಾವನೆ ನನಗೂ ಇತ್ತು.

ಬೇರೆ ನೆಲದಲ್ಲಿ ಅದು ನಿಜ

ಆ ರಾತ್ರಿ ಭಾವ ಕೇಳಿದರು, "ಪೂರ್ತಿ ಸುಳ್ಳಾ ಹಾಗಾದ್ರೆ ಈ ಭೂಮಿಯ ಶಾಖ ಅನ್ನೋದು?" ಸುಳ್ಳಲ್ಲ. ಇದನ್ನು ಹೇಳದೆ ಬಿಟ್ಟರೆ ನಾನೂ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ.

ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲೇ ನೆಲದ ಹಬೆಯಿಂದ ಬಲ್ಬು ಉರಿಸಿದ್ದರು. ಇವತ್ತಿಗೂ ಅಲ್ಲಿ ವಿದ್ಯುತ್ ತಯಾರಾಗುತ್ತಿದೆ. ಐಸ್‌ಲ್ಯಾಂಡ್ 1970ರ ತನಕ ಮನೆ ಬೆಚ್ಚಗಿಡಲು ಬಹಳಷ್ಟು ಎಣ್ಣೆ ಉರಿಸುತ್ತಿತ್ತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದಾಗ ಬೆಲೆ ಏರಿತು. ಆಗ ಅವರು ತಮ್ಮ ನೆಲದ ಬಿಸಿ ನೀರಿನ ಪೈಪನ್ನು ಊರೂರಿಗೆ ಎಳೆದರು. ಈಗ ಹತ್ತರಲ್ಲಿ ಒಂಬತ್ತು ಮನೆಗೆ ಅದರದ್ದೇ ಶಾಖ. ಅಲ್ಲಿ ಮೀನಿನ ತಲೆಗಳನ್ನೂ ಅದೇ ಶಾಖದಲ್ಲಿ ಒಣಗಿಸಿ ನೈಜೀರಿಯಾಕ್ಕೆ ಕಳಿಸುತ್ತಾರೆ. ಇದನ್ನು ಕೇಳಿ ಅಕ್ಕ ನಕ್ಕಳು. "ಅವರಿಗೆ ಮೀನಿನ ತಲೆ, ನಮಗೆ ಅಡಿಕೆ. ಒಣಗಿಸೋ ಚಿಂತೆ ಎಲ್ಲಾ ಕಡೆ ಒಂದೇ."

ಅವರೆಲ್ಲರಿಗಿಂತ ಕೀನ್ಯಾದ ಕಥೆಯೇ ಮಲೆನಾಡಿಗೆ ಹತ್ತಿರ ಅನ್ನಿಸುತ್ತದೆ. ಆ ದೇಶವೂ ನಮ್ಮ ಹಾಗೆ ನದಿ ನೀರಿನ ವಿದ್ಯುತ್ತನ್ನೇ ನಂಬಿತ್ತು. 1999-2000ರಲ್ಲಿ ಬರ ಬಂದು ಅಣೆಕಟ್ಟುಗಳು ಒಣಗಿದವು. ದಿನಕ್ಕೆ ಗಂಟೆಗಟ್ಟಲೆ ಕತ್ತಲು. ಓಲ್ಕಾರಿಯಾ ಅನ್ನುವ ಕಡೆ 1981ರಿಂದಲೇ ಒಂದು ಸಣ್ಣ ಭೂಶಾಖ ವಿದ್ಯುದಾಗಾರ ನಡೆಯುತ್ತಿತ್ತು. ಮಳೆ ಬರಲಿ ಬಿಡಲಿ, ಹಗಲಿರಲಿ ರಾತ್ರಿಯಿರಲಿ, ಅದು ಓಡುತ್ತಲೇ ಇತ್ತು. ಅದನ್ನೇ ಬೆಳೆಸುತ್ತಾ ಹೋದರು. ಈಗ ಆ ದೇಶದ ವಿದ್ಯುತ್ತಿನಲ್ಲಿ ಅರ್ಧದ ಹತ್ತಿರ ಪಾಲು ನೆಲದ ಶಾಖದಿಂದ ಬರುತ್ತದೆ. ಪಕ್ಕದ ನೈವಾಶಾದಲ್ಲಿ ಹೂವಿನ ಗ್ರೀನ್‌ಹೌಸಿಗೂ ಆ ಶಾಖ ಬಳಸುತ್ತಾರೆ. ಆದರೆ ಅಲ್ಲೂ ಮುಳುಗಡೆ ಇದೆ, ನೀರಿಲ್ಲದ ಮುಳುಗಡೆ. 2014ರಲ್ಲಿ ಓಲ್ಕಾರಿಯಾದ ಹೊಸ ಸ್ಥಾವರಕ್ಕಾಗಿ ಮಸಾಯಿ ದನಗಾಹಿಗಳನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಕೊಟ್ಟ ಜಾಗ ದನ ಮೇಯಿಸಲು ಸರಿಯಿಲ್ಲ ಅಂತ ಅವರು ವಿಶ್ವಬ್ಯಾಂಕಿನ ತನಕ ದೂರು ಒಯ್ದರು. ಇದನ್ನು ಹೇಳಿದಾಗ ಭಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಮ್ಮಜ್ಜನೂ ಇದನ್ನೇ ಹೇಳ್ತಿದ್ದ" ಅಂದರು.

ಭಾರತದಲ್ಲೂ ಜಾಗಗಳಿವೆ. ಲಡಾಖಿನ ಪೂಗಾ ಕಣಿವೆಯಲ್ಲಿ ನೆಲ ಕುದಿಯುವುದನ್ನು 1970ರ ದಶಕದಲ್ಲೇ ಸರ್ಕಾರದ ಭೂವಿಜ್ಞಾನಿಗಳು ಕೊರೆದು ನೋಡಿದ್ದರು. 2021ರಲ್ಲಿ ಒಎನ್‌ಜಿಸಿ ಅಲ್ಲಿ 1 ಮೆಗಾವಾಟ್ ಯೋಜನೆಗೆ ಒಪ್ಪಂದ ಮಾಡಿಕೊಂಡಿತು. ಅರುಣಾಚಲದ ದಿರಾಂಗ್‌ನಲ್ಲಿ 2025ರಲ್ಲಿ ಒಂದು ಬಾವಿ ಕೊರೆದಿದ್ದಾರೆ. ಅದರ ಮುಖ್ಯ ಉದ್ದೇಶಗಳಲ್ಲಿ ಒಂದು ಹಣ್ಣು, ಬೆಳೆ ಒಣಗಿಸುವುದು. ಅದೇ ವರ್ಷ ಕೇಂದ್ರ ಸರ್ಕಾರ ಭೂಶಾಖಕ್ಕೆ ಮೊದಲ ರಾಷ್ಟ್ರೀಯ ನೀತಿಯನ್ನೂ ತಂದಿತು. ದೇಶದ ಒಟ್ಟು ಸಾಧ್ಯತೆಯನ್ನು 10,600 ಮೆಗಾವಾಟ್ ಅಂತ ಅಂದಾಜು ಮಾಡಿದ್ದಾರೆ. ಕರ್ನಾಟಕ ಒಂದರ ಗರಿಷ್ಠ ಬೇಡಿಕೆಯೇ 17 ಸಾವಿರ ಮೆಗಾವಾಟ್ ದಾಟಿದೆ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಬಿಸಿ ಬಂಡೆ ಇದ್ದು ನೀರಿಲ್ಲದ ಕಡೆ, ಬಂಡೆಯನ್ನು ಒಡೆದು ನೀರು ಹರಿಸಿ ಶಾಖ ತೆಗೆಯುವ ಹೊಸ ವಿಧಾನವೂ ಬೆಳೆಯುತ್ತಿದೆ. ಎಣ್ಣೆ ಬಾವಿ ಕೊರೆಯುವ ತಂತ್ರವನ್ನೇ ಅಮೆರಿಕದ ನೆವಾಡಾ, ಯೂಟಾ ಕಡೆ ಇದಕ್ಕೆ ಬಳಸುತ್ತಿದ್ದಾರೆ. ಇದರಲ್ಲಿ ಎಚ್ಚರ ಬೇಕು. 2006ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೀಗೆ ನೀರು ತಳ್ಳಿದಾಗ 3.4 ತೀವ್ರತೆಯ ಕಂಪನವಾಗಿ ಕೆಲಸ ನಿಲ್ಲಿಸಿದರು. 2017ರಲ್ಲಿ ದಕ್ಷಿಣ ಕೊರಿಯಾದ ಪೋಹಾಂಗ್‌ನಲ್ಲಿ ಅದಕ್ಕಿಂತ ಬಹಳ ದೊಡ್ಡದಾಯಿತು, ಜನರಿಗೆ ಗಾಯವೂ ಆಯಿತು. 1967ರಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಆದ ಭೂಕಂಪವನ್ನು ನೆನಪಿಟ್ಟುಕೊಂಡಿರುವ ಘಟ್ಟದವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನನ್ನ ಮಟ್ಟಿಗೆ ಮಲೆನಾಡಿಗೆ ಭೂಶಾಖದ ಭರವಸೆ ಮಲೆನಾಡಿನ ನೆಲದ ಕೆಳಗಿಲ್ಲ. ಬೇರೆ ಕಡೆ ಅದರಿಂದ ಹಗಲು ರಾತ್ರಿ ಒಂದೇ ಸಮ ವಿದ್ಯುತ್ ಬಂದರೆ ನಮ್ಮ ಕಣಿವೆಯ ಮೇಲಿನ ಭಾರ ಸ್ವಲ್ಪವಾದರೂ ಇಳಿಯುತ್ತದೆ. ಈಗ ಸೋಲಾರ್ ಕರೆಂಟ್ ಹಗಲಿಗೆ ಮಾತ್ರ ಇದೆ. ರಾತ್ರಿಗೆ ಅದನ್ನು ಕೂಡಿಡಬೇಕು ಅಂತಲೇ ಶರಾವತಿಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ಹಗಲು ನೀರನ್ನು ಮೇಲಕ್ಕೆ ಎತ್ತಿಟ್ಟು ರಾತ್ರಿ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು) ಮಾಡಲು ಹೊರಟಿರುವುದು. ಸಿಂಗಳೀಕಗಳ ಕಾಡಿನ ಹೊಟ್ಟೆಯೊಳಗೆ ಸುರಂಗ ತೋಡಬೇಕು. ರಾತ್ರಿಯೂ ಓಡುವ ವಿದ್ಯುತ್ ಬೇರೆ ಕಡೆ ಎಷ್ಟು ಬಂದರೂ ಆ ಸುರಂಗದ ಅಗತ್ಯ ಅಷ್ಟು ಕಡಿಮೆಯಾಗುತ್ತದೆ. ಅದಕ್ಕೇ ಪೂಗಾದಲ್ಲಿ, ಕೊಂಕಣದಲ್ಲಿ ಏನಾಗುತ್ತದೆ ಅನ್ನುವುದು ನಮಗೂ ಸಂಬಂಧಪಟ್ಟ ವಿಷಯ.

ಕಡೆಗೆ ಏನು ಮಾಡಿದೆವು

ಅಷ್ಟಾದರೂ ಅಕ್ಕನ ಅಡಿಕೆ ಒಣಗಬೇಕಿತ್ತು.

ಬೇಯಿಸಿದ ಅಡಿಕೆ ಒಣಗಿ ಒಂದು ಕ್ವಿಂಟಾಲ್ ಆಗಬೇಕಾದರೆ ಸುಮಾರು 120 ಲೀಟರ್ ನೀರು ಹೊರಗೆ ಹೋಗಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.65 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್) ಶಾಖ ಬೇಕು. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ 4 ಯೂನಿಟ್ ಶಾಖ ಇದೆ. ಲೆಕ್ಕದ ಪ್ರಕಾರ ಕ್ವಿಂಟಾಲ್‌ಗೆ 20 ಕೆಜಿ ಕಟ್ಟಿಗೆ ಸಾಕು. ಆದರೆ ಅಟ್ಟದ ಕೆಳಗಿನ ತೆರೆದ ಬೆಂಕಿಯಲ್ಲಿ ಅದರ ಆರೇಳು ಪಟ್ಟು ಸುಡುತ್ತದೆ. ಮಿಕ್ಕಿದ್ದೆಲ್ಲ ಗಾಳಿಗೆ ಹೋಗುತ್ತದೆ.

ಇಲ್ಲೇ ನೆಲದ ಶಾಖಕ್ಕೆ ಇನ್ನೊಂದು ಅವಕಾಶ ಕಂಡಿತು. ಹೀಟ್ ಪಂಪ್. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ಬರುತ್ತದಲ್ಲ, ಅದೇ ಯಂತ್ರ. ಒಳಗಿನ ಶಾಖವನ್ನು ಹೀರಿ ಹಿಂದಕ್ಕೆ ಬಿಡುತ್ತದೆ. ಇದೇ ರೀತಿ 25 ಡಿಗ್ರಿ ನೀರಿನಿಂದ ಶಾಖ ಹೀರಿ 55 ಡಿಗ್ರಿ ಗಾಳಿ ಕೊಡಬಹುದು. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖದ ಲೆಕ್ಕ. ಚಳಿ ದೇಶಗಳಲ್ಲಿ ನೆಲದೊಳಗೆ ಪೈಪ್ ಹೂತು ಇದನ್ನೇ ಮಾಡುತ್ತಾರೆ. ಹೊರಗೆ ಹಿಮ ಬಿದ್ದಾಗ ನೆಲ ಗಾಳಿಗಿಂತ ಬಹಳ ಬೆಚ್ಚಗಿರುತ್ತದೆ, ಅದಕ್ಕೆ ಲಾಭ. ನಾನು ಬೋರ್ ನೀರನ್ನೇ ಬಳಸುವ ಒಂದು ನಕ್ಷೆ ಬರೆದೆ. ಅದರ ಮೇಲೆ ಎರಡು ವಾರ ಕೂತೆ. ಕೊನೆಗೆ ನಾನೇ ಅದನ್ನು ಕೈಬಿಟ್ಟೆ.

ಕಾರಣ ಸರಳ. ಕೊಯ್ಲಿನ ಮಳೆ ದಿನಗಳಲ್ಲಿ ನಮ್ಮ ಗಾಳಿಯೇ 22-23 ಡಿಗ್ರಿ ಇರುತ್ತದೆ. ನೆಲ 25. ಎರಡು ಮೂರು ಡಿಗ್ರಿ ವ್ಯತ್ಯಾಸಕ್ಕೆ ಪೈಪು, ಪಂಪು, ಅದರ ರಿಪೇರಿ ಇಷ್ಟೆಲ್ಲ ಬೇಡ. ಜೊತೆಗೆ ಒಣಗಿಸುವ ಹೀಟ್ ಪಂಪ್‌ನಲ್ಲಿ ಇನ್ನೊಂದು ಗುಣ ಇದೆ. ಅದು ಅಡಿಕೆಯಿಂದ ಎದ್ದ ಹಬೆಯನ್ನು ತಣ್ಣಗಿನ ಕಾಯಿಲ್ ಮೇಲೆ ನೀರು ಮಾಡುತ್ತದೆ. ಹಬೆ ನೀರಾಗುವಾಗ ಬಿಡುವ ಶಾಖವನ್ನೇ ಮತ್ತೆ ಅಡಿಕೆಗೆ ಕೊಡುತ್ತದೆ. ಶಾಖ ಆ ಮುಚ್ಚಿದ ಕೋಣೆಯೊಳಗೇ ಸುತ್ತುತ್ತಿದ್ದರೆ ನೆಲದಿಂದ ತರುವ ಅಗತ್ಯವೇ ಇಲ್ಲ.

2024ರ ಬೇಸಿಗೆಯಲ್ಲಿ ಐದು ಮನೆ ಸೇರಿ ಅಂಥದ್ದೊಂದು ಡ್ರೈಯರ್ ತಂದರು. ಒಟ್ಟು 4 ಲಕ್ಷ, ಮನೆಗೆ 80 ಸಾವಿರ. 3 ಕಿಲೋವಾಟ್, ಸಿಂಗಲ್ ಫೇಸ್ ಸಾಕು. ಸಲಕ್ಕೆ 3 ಕ್ವಿಂಟಾಲ್ ಬೇಯಿಸಿದ ಅಡಿಕೆ ಹಿಡಿಯುತ್ತದೆ. ಬಿಸಿಲಿರುವ ದಿನ ಯಾರೂ ಅದನ್ನು ಮುಟ್ಟುವುದಿಲ್ಲ. ಬಿಸಿಲು ಪುಕ್ಕಟೆ, ಅಲ್ವಾ. ಮೋಡ ಬಂದಾಗ ಮಾತ್ರ ಪಾಳಿ. ಬೇಯಿಸಲು ಕಟ್ಟಿಗೆಯೇ ಗತಿ. ಅಲ್ಲಿ ಹಳೆ ಒಲೆ ಒಡೆದು ಕಡಿಮೆ ಕಟ್ಟಿಗೆ ತಿನ್ನುವ ಅಸ್ತ್ರ ಒಲೆ ಕಟ್ಟಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರದವರು ರೂಪಿಸಿದ ಒಲೆ ಅದು. ಹಳ್ಳಿಗೆ ಬಂದ ವಿಜ್ಞಾನದಲ್ಲಿ ನನಗೆ ಇಷ್ಟು ಗೌರವ ಇರುವ ಇನ್ನೊಂದು ವಸ್ತು ಇಲ್ಲ. ಬೆಂಕಿಗೆ ಸಿಪ್ಪೆಯನ್ನೂ ಸೇರಿಸಿದರು.

ಆ ಅಕ್ಟೋಬರ್‌ನಲ್ಲಿ ಮಳೆ ಜೋರಾಗಿಯೇ ಬಂತು. ಆ ಕೊಯ್ಲು ಮುಗಿಯುವಷ್ಟರಲ್ಲಿ ಡ್ರೈಯರ್ ಐದು ಮನೆಗೆ ಸೇರಿ 22 ಸಲ ಓಡಿತು. ಒಂದು ಸಲಕ್ಕೆ ಸುಮಾರು 40 ಗಂಟೆ. ಮೀಟರ್ ನೋಡಿದರೆ ಲೀಟರ್ ನೀರಿಗೆ ಮುಕ್ಕಾಲು ಯೂನಿಟ್ ಆಗಿತ್ತು. ಸಾದಾ ಕಾಯಿಲ್ ಹೀಟರ್ ಇಟ್ಟಿದ್ದರೆ ಬಿಸಿ ಗಾಳಿ ಹೊರಗೆ ಹೋಗಿ ಅದರ ಒಂದೂವರೆ, ಎರಡು ಪಟ್ಟು ಬೇಕಾಗುತ್ತಿತ್ತು.

ತೊಂದರೆಗಳೂ ಆದವು. ಲೈನ್ ಮೇಲೆ ಮರ ಬಿದ್ದು ಎರಡು ಸಲ ಇಡೀ ರಾತ್ರಿ ಕರೆಂಟ್ ಹೋಯಿತು. ಒಂದು ಸಲದ ಮಾಲು ಬಣ್ಣ ಕೆಟ್ಟು ಕಡಿಮೆ ರೇಟಿಗೆ ಹೋಯಿತು. ಕಟ್ಟಿಗೆಯ ಬದಲು ಕರೆಂಟನ್ನು ನಂಬಿದೆವು, ಕರೆಂಟು ಲಿಂಗನಮಕ್ಕಿಯನ್ನೂ ಕಲ್ಲಿದ್ದಲನ್ನೂ ನಂಬಿದೆ. ಸರಪಳಿ ಪೂರ್ತಿ ಬಿಚ್ಚಿಲ್ಲ. ಪಾಳಿಯ ವಿಷಯಕ್ಕೆ ಎರಡು ಮನೆಯ ನಡುವೆ ಹದಿನೈದು ದಿನ ಮಾತು ನಿಂತಿತ್ತು. ಈಗ ಸರಿಯಾಗಿದೆ.

ಆದರೆ ಅಟ್ಟದ ಕೆಳಗೆ ಆ ವರ್ಷ ಬೆಂಕಿ ಹಾಕಿದ್ದು ಆ ಎರಡು ರಾತ್ರಿ ಮಾತ್ರ. ಪ್ರತಿ ವರ್ಷ ಎರಡು ಟ್ರ್ಯಾಕ್ಟರ್ ಕಟ್ಟಿಗೆ ಬೇಕಾಗುತ್ತಿದ್ದ ಅಕ್ಕನ ಮನೆಗೆ ಒಂದರಲ್ಲೇ ವರ್ಷ ಕಳೆಯಿತು. ಜನವರಿಯಲ್ಲಿ ಪಕ್ಕದ ಊರಿನಲ್ಲಿ ಜ್ವರದ ಸುದ್ದಿ ಬಂದಾಗ ಈ ಐದು ಮನೆಯಿಂದ ಯಾರೂ ಬೆಟ್ಟಕ್ಕೆ ಹೋಗಬೇಕಾಗಿರಲಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ ಕಟ್ಟಿಗೆ ಇನ್ನೂ ಇತ್ತು.

ಡ್ರೈಯರ್ ಪಕ್ಕದ ಸಣ್ಣ ಪೈಪಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಅಕ್ಕ ಅಲ್ಲಿ ಒಂದು ಬಕೆಟ್ ಇಟ್ಟಿದ್ದಾಳೆ. ನಾಲ್ಕು ಗಂಟೆಗೆ ಒಂದು ಬಕೆಟ್ ತುಂಬುತ್ತದೆ. ಎಷ್ಟು ಬಕೆಟ್ ಆಯಿತು ಅಂತ ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಹತ್ತು ಗೆರೆಯಾದರೆ ಒಣಗಿತು ಅಂತ ಅರ್ಥ. ಕಚ್ಚಿ ನೋಡಿದರೂ ಸರಿಯಾಗಿರುತ್ತದೆ. ನಾನು ಕೊಟ್ಟ ತೇವ ಅಳೆಯುವ ಮೀಟರ್ ಕಪಾಟಿನಲ್ಲಿದೆ.

ಥರ್ಮಾಮೀಟರನ್ನು ಭಾವ ವಾಪಸ್ ಕೊಡಲಿಲ್ಲ. ಪಂಪ್ ಮನೆಯ ಮೊಳೆಗೆ ನೇತು ಹಾಕಿದ್ದಾರೆ. ತಿಂಗಳಿಗೊಮ್ಮೆ ಬೋರ್ ನೀರು ಅಳೆದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುತ್ತಾರೆ. ಮೊನ್ನೆ ಹೋದಾಗ ಎಲ್ಲ ತಿಂಗಳೂ ತಿರುವಿ ನೋಡಿದೆ. 25.5, 25.5, 26, 26, 25.5.